ನಮ್ಮ ಅಂಚೆಯ ವಿಳಾಸ ಯಾರ ಕೈಯಲ್ಲಿ?

ನಾಡಿನ ಎಷ್ಟೋ ಕಾಲೇಜು, ಸಹಕಾರ ಸಂಘ ಹಾಗೂ ಕಚೇರಿಗಳ ನಾಮಫಲಕದಲ್ಲಿ ಇ-ಮೇಲ್ ವಿಳಾಸವು ಜಿಮೇಲ್ ಎಂಬ ಹೆಸರಿನೊಂದಿಗೆ ಕೊನೆಗೊಳ್ಳುತ್ತದೆ. ಇದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಸ್ವಂತ ಕಟ್ಟಡವಿರುವ ಸಂಸ್ಥೆಯೊಂದು ತನ್ನ ಅಂಚೆಯನ್ನು ಮಾತ್ರ ಕಾಯಂ ಆಗಿ ಪರರ ಮನೆಗೆ ತರಿಸಿಕೊಳ್ಳುತ್ತಿದೆ ಎಂಬುದೇ ಇದರ ಅರ್ಥ.

ಇ-ಮೇಲ್‌ನ ಮೂಲ ಕಲ್ಪನೆ ಬೇರೆಯೇ ಇತ್ತು. 1971ರಲ್ಲಿ ರೇ ಟಾಮ್ಲಿನ್ಸನ್ ವ್ಯಕ್ತಿಯ ಹೆಸರಿಗೂ ಕಂಪ್ಯೂಟರಿನ ಹೆಸರಿಗೂ ನಡುವೆ 'ಅಟ್' ಚಿಹ್ನೆಯನ್ನು ಇರಿಸಿದರು. ಅಂಚೆ ಸಾಗಣೆಯ ಎಸ್‌ಎಂಟಿಪಿ ನಿಯಮಗಳು 1982ರಲ್ಲೂ ಡೊಮೇನ್ ಹೆಸರುಗಳ ವ್ಯವಸ್ಥೆ 1983ರಲ್ಲೂ ರೂಪುಗೊಂಡವು. ಜಾಲದಲ್ಲಿ ಹೆಸರುಳ್ಳ ಯಾವ ಕಂಪ್ಯೂಟರ್ ಆದರೂ ಅಂಚೆ ಕಚೇರಿಯಾಗಬಹುದಿತ್ತು. ಲಿನಕ್ಸ್ ಮತ್ತು 1998ರಲ್ಲಿ ಬಂದ ಪೋಸ್ಟ್‌ಫಿಕ್ಸ್‌ನಂತಹ ಉಚಿತ ತಂತ್ರಾಂಶಗಳು ಈ ಸಾಧ್ಯತೆಯನ್ನು ಸಾಧಾರಣ ಸಂಸ್ಥೆಗಳ ಕೈಗೂ ಎಟುಕಿಸಿದವು.

ತಂತ್ರಾಂಶ ಇಂದಿಗೂ ಉಚಿತವೇ. ತೊಡಕಿರುವುದು ಹೆಸರಿನಲ್ಲಿ. ಲಿನಕ್ಸ್ ಕಂಪ್ಯೂಟರಿಗೆ ಹೋಸ್ಟ್‌ನೇಮ್ ಕೊಡದೆ ಬಿಟ್ಟರೆ ಅದು ಅನೇಕ ವೇಳೆ ತನ್ನನ್ನು 'ಲೋಕಲ್‌ಹೋಸ್ಟ್' ಎಂದೇ ಕರೆದುಕೊಳ್ಳುತ್ತದೆ. ಬಾಗಿಲು ತಟ್ಟಿದವನನ್ನು 'ಯಾರು?' ಎಂದು ಕೇಳಿದರೆ 'ನಾನು' ಎಂದು ಉತ್ತರಿಸಿದಂತೆ! ಅಂಚೆ ಕಳುಹಿಸುವ ಯಂತ್ರಕ್ಕೆ ಡೊಮೇನ್ ಸಹಿತ ಪೂರ್ಣ ಹೆಸರು ಬೇಕು. ಆ ಹೆಸರನ್ನು ಹುಡುಕಿದರೆ ಅದರ ಐಪಿ ಸಂಖ್ಯೆ ಸಿಗಬೇಕು. ಸಂಖ್ಯೆಯನ್ನು ಹುಡುಕಿದರೆ ಅದೇ ಹೆಸರು ಸಿಗಬೇಕು. ಇವೆರಡು ತಾಳೆಯಾಗದ ಪತ್ರ ಸ್ಪ್ಯಾಮ್ ರಾಶಿಗೆ ಬೀಳುತ್ತದೆ, ಇಲ್ಲವೇ ತಿರಸ್ಕೃತವಾಗುತ್ತದೆ.

2024ರ ಫೆಬ್ರುವರಿಯಲ್ಲಿ ಗೂಗಲ್ ಮತ್ತು ಯಾಹೂ ಈ ತಪಾಸಣೆಯನ್ನು ಬಿಗಿಗೊಳಿಸಿದವು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ದೃಢೀಕರಣಗಳೂ ಕಡ್ಡಾಯವಾದವು. ಕಳ್ಳಪತ್ರಗಳ ಹಾವಳಿಯನ್ನು ಬಲ್ಲವರು ಇದನ್ನು ತಪ್ಪೆನ್ನಲಾರರು. ಆದರೆ ಪರಿಣಾಮವನ್ನೂ ನೋಡಬೇಕು. ಸಂಖ್ಯೆಯಿಂದ ಹೆಸರು ತೋರಿಸುವ ದಾಖಲೆ ಸಾಮಾನ್ಯವಾಗಿ ಇಂಟರ್‌ನೆಟ್ ಸೇವಾದಾರರ ವಶದಲ್ಲಿರುತ್ತದೆ. ಅವರು ಮನಸ್ಸು ಮಾಡದೆ ಅದು ಸರಿಹೋಗದು. ಎಲ್ಲವನ್ನೂ ಸರಿಪಡಿಸಿದ ಮೇಲೂ ಹೊಸ ಸರ್ವರನ್ನು ದೊಡ್ಡ ಕಂಪೆನಿಗಳು ಕೆಲಕಾಲ ಅನುಮಾನದಿಂದಲೇ ಕಾಣುತ್ತವೆ. ಬೇಸತ್ತ ಸಣ್ಣ ಸಂಸ್ಥೆಗಳು ಅದೇ ಕಂಪೆನಿಗಳ ಆಶ್ರಯಕ್ಕೆ ಮರಳುತ್ತವೆ. ಹೀಗೆ ಎಲ್ಲರದ್ದಾಗಿದ್ದ ದಾರಿಯ ಸುಂಕದಕಟ್ಟೆ ಕೆಲವರ ಪಾಲಾಗುತ್ತದೆ.

ಪ್ರತಿಯೊಂದು ಶಾಲೆಯೂ ಸ್ವಂತ ಸರ್ವರ್ ನಡೆಸಬೇಕೆಂಬುದು ವಾದವಲ್ಲ. ಅದನ್ನು ಹಗಲಿರುಳು ನೋಡಿಕೊಳ್ಳುವ ಸಿಬ್ಬಂದಿ ಎಲ್ಲರಲ್ಲೂ ಇರುವುದಿಲ್ಲ. ಆದರೆ ಸ್ವಂತ ಡೊಮೇನ್ ಹೊಂದುವುದು ದುಬಾರಿಯ ಮಾತಲ್ಲ. ಅಂಚೆಯನ್ನು ಯಾರಿಂದಲೇ ನಿರ್ವಹಿಸಿದರೂ ಹೆಸರು ನಮ್ಮದಾಗಿದ್ದರೆ, ಸೇವಾದಾರರನ್ನು ಬದಲಿಸಿದರೂ ವಿಳಾಸ ಉಳಿಯುತ್ತದೆ. ಉಚಿತ ಖಾತೆಯೊಂದು ಸ್ಥಗಿತಗೊಂಡರೆ ಅದರೊಂದಿಗೆ ವರ್ಷಗಳ ಪತ್ರವ್ಯವಹಾರವೂ ಕೈತಪ್ಪಬಹುದು.

ವಿಶ್ವವಿದ್ಯಾಲಯಗಳ ಹೊಣೆ ಇನ್ನೂ ದೊಡ್ಡದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಎಸ್‌ಎಂಟಿಪಿಯನ್ನು ಪರೀಕ್ಷೆಗಾಗಿ ಓದಿದರೆ ಸಾಲದು. ಕಾಲೇಜಿನ ಡೊಮೇನಿನಲ್ಲೇ ಸರ್ವರೊಂದನ್ನು ನಿಲ್ಲಿಸಿ, ಪತ್ರವೇಕೆ ತಿರಸ್ಕೃತವಾಯಿತೆಂದು ಲಾಗ್ ಕಡತ ಓದಿ ತಿಳಿಯಬೇಕು. ಕೇಳಿದ ಸಂಸ್ಥೆಗಳಿಗೆ ಹೆಸರಿನ ದಾಖಲೆ ಮಾಡಿಕೊಡುವುದನ್ನು ಸೇವಾದಾರರು ಉಪಕಾರವೆಂದಲ್ಲ, ಕರ್ತವ್ಯವೆಂದು ಭಾವಿಸಬೇಕು.

ಸಾರ್ವಜನಿಕರ ಅರ್ಜಿ, ಅಹವಾಲುಗಳೆಲ್ಲ ಇಂದು ಇ-ಮೇಲ್ ಮೂಲಕವೂ ಸಾಗುತ್ತಿವೆ. ಅವು ತಲುಪುವ ವಿಳಾಸವನ್ನಾದರೂ ಸಾರ್ವಜನಿಕ ಸಂಸ್ಥೆಗಳು ತಮ್ಮ ಕೈಯಲ್ಲಿ ಇರಿಸಿಕೊಳ್ಳಲಿ.