ಆಸ್ಪತ್ರೆಯ ಅಲೆಗಳಿಗೊಂದು ಲೆಕ್ಕಪುಸ್ತಕ

1998ನೆಯ ಇಸವಿಯ ಫೆಬ್ರುವರಿ ತಿಂಗಳ ಕೊನೆಯಲ್ಲಿ, ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಡಲ್ಲಾಸ್ ನಗರದ ಟೆಲಿವಿಷನ್ ಕೇಂದ್ರವೊಂದು, ಆಗಿನ್ನೂ ಹೊಸದಾಗಿದ್ದ ಡಿಜಿಟಲ್ ಪ್ರಸಾರವನ್ನು ಪರೀಕ್ಷಾರ್ಥವಾಗಿ ಆರಂಭಿಸಿದಾಗ, ಅದೇ ಊರಿನ ಬೇಲರ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹೃದ್ರೋಗಿಗಳ ಎದೆಬಡಿತವನ್ನು ತಂತಿಯ ಹಂಗಿಲ್ಲದೆ ಕಾಯುತ್ತಿದ್ದ ಮಾನಿಟರುಗಳು ಕೈಕೊಟ್ಟವು. ಇಂತಹ ವ್ಯವಸ್ಥೆಯಲ್ಲಿ ರೋಗಿಯ ಎದೆಗೆ ಅಂಟಿಸಿದ ಎಲೆಕ್ಟ್ರೋಡುಗಳು ಗ್ರಹಿಸಿದ ಮಿಡಿತವನ್ನು, ಆತನ ಮೈಮೇಲಿರುವ ಪುಟ್ಟ ಪೆಟ್ಟಿಗೆಯೊಂದು ಅತಿ ಕ್ಷೀಣವಾದ ರೇಡಿಯೊ ಅಲೆಗಳನ್ನಾಗಿ ಮಾಡಿ ದಾದಿಯರ ಮೇಜಿನ ಪರದೆಗೆ ಮುಟ್ಟಿಸುತ್ತದೆ. ಬೇಲರಿನ ಪೆಟ್ಟಿಗೆಗಳು ಅದುವರೆಗೆ ಖಾಲಿಯಿದ್ದ ಒಂಬತ್ತನೆಯ ಚಾನೆಲನ್ನು ಬಳಸುತ್ತಿದ್ದವು. ಆ ಚಾನೆಲಿನಲ್ಲಿಯೇ ಪ್ರಸಾರ ತೊಡಗಿದೊಡನೆ, ತಮಟೆಯ ಮುಂದೆ ಪಿಸುಮಾತಿಗಾಗುವ ಗತಿಯೇ ಅವುಗಳಿಗೂ ಆಯಿತು.

ವಿಷಯವರಿತ ಕೇಂದ್ರವು ಪ್ರಸಾರವನ್ನು ನಿಲ್ಲಿಸಿದುದರಿಂದ ಅನಾಹುತವೇನೂ ಘಟಿಸಲಿಲ್ಲ. ಆದರೆ ಗಮನಿಸಬೇಕಾದುದೇನೆಂದರೆ, ಇಲ್ಲಿ ಕಾನೂನನ್ನು ಮೀರಿದವರು ಯಾರೂ ಇರಲಿಲ್ಲ. ಟೆಲಿವಿಷನ್ನಿನ ಹಾದಿಯಲ್ಲಿ ಆಸ್ಪತ್ರೆಯ ಬಳಕೆಗೆ ಇದ್ದುದು ಗೌಣ ಸ್ಥಾನ. ಪ್ರಸಾರಕ್ಕೆ ಅದು ಅಡ್ಡಿಯಾಗಕೂಡದು, ಪ್ರಸಾರದಿಂದ ತನಗೆ ಅಡ್ಡಿಯಾದರೆ ಆಕ್ಷೇಪಿಸಲೂ ಕೂಡದು. ಈ ಅವಸ್ಥೆಯನ್ನು ಕಂಡು ಆ ದೇಶದ ಸಂಪರ್ಕ ಆಯೋಗವು 2000ದಲ್ಲಿ, 608ರಿಂದ 614 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯೂ ಸೇರಿದಂತೆ ಒಟ್ಟು 14 ಮೆಗಾಹರ್ಟ್ಸ್‌ಗಳನ್ನು ಇಂತಹ ನಿಸ್ತಂತು ನಿಗಾವಣೆಗೆ, ಅಂದರೆ ವೈದ್ಯಕೀಯ ಟೆಲಿಮೆಟ್ರಿಗೆಂದು, ಮೀಸಲಿಟ್ಟಿತು.

ನಮ್ಮಲ್ಲಾದರೋ, ತೀವ್ರ ನಿಗಾ ಘಟಕದ ಬಾಗಿಲಿಗೆ ‘ಮೊಬೈಲ್ ನಿಷೇಧಿಸಲಾಗಿದೆ’ ಎಂಬ ಫಲಕವನ್ನು ತೂಗುಹಾಕಿದರೆ ಕರ್ತವ್ಯ ತೀರಿತೆಂಬ ಭಾವನೆ ಬಲವಾಗಿದೆ. ಆದರೆ ಅಮೆರಿಕದ ಮೇಯೊ ಕ್ಲಿನಿಕ್ಕಿನ ತಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 192 ಉಪಕರಣಗಳ ಮೇಲೆ 300 ಪರೀಕ್ಷೆಗಳನ್ನು ನಡೆಸಿದರೂ, ಮೊಬೈಲಿನ ಸಾಮಾನ್ಯ ಬಳಕೆಯಿಂದ ಗಣನೀಯವಾದ ತೊಂದರೆಯೊಂದೂ ಕಾಣಲಿಲ್ಲ. ಇದಕ್ಕೆ ಪ್ರತಿಯಾಗಿ, ಸಾಮಗ್ರಿಗಳ ಜಾಡು ಹಿಡಿಯಲು ಆಸ್ಪತ್ರೆಗಳೇ ತರಿಸಿಕೊಳ್ಳುವ ಆರ್‌ಎಫ್‌ಐಡಿ ಸಾಧನಗಳನ್ನು, ರೋಗಿಗಳನ್ನು ಜೋಡಿಸದ ವೈದ್ಯಕೀಯ ಉಪಕರಣಗಳ ಬಳಿಯಿಟ್ಟು, ನೆದರ್ಲೆಂಡ್ಸಿನ ಸಂಶೋಧಕರು ಪರೀಕ್ಷಿಸಿದಾಗ, 2008ರಲ್ಲಿ ಪ್ರಕಟವಾದ ಅವರ ವರದಿಯಂತೆ, 123 ಪರೀಕ್ಷೆಗಳಲ್ಲಿ 34 ಅಡಚಣೆಗಳುಂಟಾದವು. ಅವುಗಳಲ್ಲಿ 22 ಅಪಾಯಕಾರಿಯಾದವು. ವೆಂಟಿಲೇಟರು ಪೂರ್ತಿ ಆರಿಹೋದುದೂ ಉಂಟು, ಹನಿಹನಿಯಾಗಿ ಔಷಧವುಣಿಸುವ ಸಿರಿಂಜ್ ಪಂಪು ಸ್ತಬ್ಧವಾದುದೂ ಉಂಟು.

ಆದುದರಿಂದ ಭೇಟಿಗೆ ಬಂದ ಬಂಧುವಿನ ಜೇಬನ್ನಷ್ಟೇ ಶಂಕಿಸುವುದು ನ್ಯಾಯವಲ್ಲ. ಅಲೆ ಹೊಮ್ಮಿಸುವ ಸಾಧನವು ಯಂತ್ರಕ್ಕೆ ಸಮೀಪಿಸಿದಷ್ಟೂ ಬಾಧೆ ಹೆಚ್ಚುವುದರಿಂದ, ಮಂಚದ ಬಳಿಯಿಡುವ ಪ್ರತಿಯೊಂದು ನಿಸ್ತಂತು ಉಪಕರಣವೂ, ಅದು ಆಸ್ಪತ್ರೆಯದೇ ಆಗಿದ್ದರೂ, ವಿಚಾರಣೆಗೆ ಅರ್ಹವಾದುದು. ಯಾವ ಉಪಕರಣವು ಯಾವ ತರಂಗಾಂತರದಲ್ಲಿ ಎಷ್ಟು ಶಕ್ತಿಯಿಂದ ಅಲೆಗಳನ್ನು ಹೊರಡಿಸುತ್ತದೆ ಎಂಬುದನ್ನು ಬರೆದಿಡುವ ಪುಸ್ತಕವೊಂದು, ಅದನ್ನು ನೋಡಿಕೊಳ್ಳಲು ಬಯೋಮೆಡಿಕಲ್ ಎಂಜಿನಿಯರೊಬ್ಬರು, ಹೊಸ ಸಾಧನವನ್ನು ಕೊಳ್ಳುವುದಕ್ಕೆ ಮೊದಲು ರೋಗಿಯಿಲ್ಲದ ಕೋಣೆಯಲ್ಲೊಂದು ಪರೀಕ್ಷೆ: ದೊಡ್ಡ ಆಸ್ಪತ್ರೆಗಳಿಗೆ ಇವು ಭಾರವಾಗಲಾರವು. ಪರವಾನಗಿ ನೀಡುವ ಸರ್ಕಾರವು ಇವನ್ನು ಕಡ್ಡಾಯಗೊಳಿಸಲಿ.