ಕಸಿ ಮಾಡಿದ ಕಿಡ್ನಿಗೆ ತೊಂದರೆ ಇದೆಯೇ ಎಂದು ತಿಳಿಯಲು ಸ್ಕ್ಯಾನ್ ಒಂದೇ ಸಾಕೇ?

“ಕಿಡ್ನಿ ಕಸಿ ಆದವರಿಗೆ ಇನ್ನು ಸೂಜಿ ಚುಚ್ಚುವ ಬಯಾಪ್ಸಿ ಬೇಡ, ಒಂದು ಸ್ಕ್ಯಾನ್ ಸಾಕು” ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೆ ಬಂದರೆ ನಂಬಬಹುದೇ? ಇದರಲ್ಲಿ ಸ್ವಲ್ಪ ನಿಜವಿದೆ. ಆದರೆ ಪೂರ್ತಿ ನಂಬಿ ವೈದ್ಯರು ಹೇಳಿದ ಪರೀಕ್ಷೆ ತಪ್ಪಿಸಿಕೊಂಡರೆ, ಇನ್ನೊಬ್ಬರು ಕೊಟ್ಟ ಕಿಡ್ನಿಯೇ ಕೈತಪ್ಪಬಹುದು. ನಿಜವೆಷ್ಟು ಎಂದು ನೋಡೋಣ.

ರಿಜೆಕ್ಷನ್ ಎಂದರೇನು?

ಬೇರೆಯವರ ಅಂಗ ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಗೆ ಹೊರಗಿನ ವಸ್ತುವಿನಂತೆ ಕಾಣುತ್ತದೆ. ಬಿಳಿ ರಕ್ತಕಣಗಳು ಮತ್ತು ಪ್ರತಿಕಾಯಗಳು ಅದರ ಮೇಲೆ ದಾಳಿ ಮಾಡುತ್ತವೆ. ಇದೇ ರಿಜೆಕ್ಷನ್. 1954ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಡಾ. ಜೋಸೆಫ್ ಮರ್ರೆ ತಂಡ ನಡೆಸಿದ ಮೊದಲ ಯಶಸ್ವಿ ಕಿಡ್ನಿ ಕಸಿಯಲ್ಲಿ ಕೊಟ್ಟವರು, ಪಡೆದವರು ತದ್ರೂಪಿ ಅವಳಿಗಳು. ಹಾಗಾಗಿ ದೇಹ ಅದನ್ನು ತನ್ನದೇ ಎಂದು ಒಪ್ಪಿಕೊಂಡಿತು. ಉಳಿದವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ದಿನವೂ ತೆಗೆದುಕೊಳ್ಳಬೇಕು. ಆದರೂ ರಿಜೆಕ್ಷನ್ ಆಗಬಹುದು. ಶುರುವಿನಲ್ಲಿ ನೋವು, ಜ್ವರ ಏನೂ ಕಾಣದೇ ಇರಬಹುದು.

ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲವೇ?

ರಕ್ತದಲ್ಲಿ ಕ್ರಿಯಾಟಿನಿನ್ ಏರಿದರೆ ಕಿಡ್ನಿಗೆ ಏನೋ ತೊಂದರೆ ಇದೆ ಎಂದು ಗೊತ್ತಾಗುತ್ತದೆ. ಏಕೆ ಎಂದು ಗೊತ್ತಾಗುವುದಿಲ್ಲ. ವಾಂತಿ ಭೇದಿಯಿಂದ ದೇಹದಲ್ಲಿ ನೀರು ಕಡಿಮೆಯಾದರೂ, ಮೂತ್ರದ ದಾರಿ ಕಟ್ಟಿಕೊಂಡರೂ ಅದು ಏರುತ್ತದೆ. ಬಿಕೆ ಎಂಬ ವೈರಸ್ ಕಿಡ್ನಿಗೆ ಹಾನಿ ಮಾಡಿದಾಗಲೂ ಏರುತ್ತದೆ. ರಿಜೆಕ್ಷನ್ ಆದರೆ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ತಗ್ಗಿಸಬೇಕು; ಬಿಕೆ ವೈರಸ್ ಆದರೆ ಅದೇ ಮಾತ್ರೆಗಳನ್ನು ಕಡಿಮೆ ಮಾಡಬೇಕು. ಚಿಕಿತ್ಸೆ ಒಂದಕ್ಕೊಂದು ತದ್ವಿರುದ್ಧ. ಊಹೆಯ ಮೇಲೆ ಔಷಧ ಕೊಡಲು ಆಗದು.

ಆದ್ದರಿಂದಲೇ ಬಯಾಪ್ಸಿ. ಸೂಜಿಯಿಂದ ಕಿಡ್ನಿಯ ಚಿಕ್ಕ ಎಳೆಯೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೆನಡಾದ ಬ್ಯಾನ್ಫ್ ಪಟ್ಟಣದಲ್ಲಿ 1991ರಲ್ಲಿ ತಜ್ಞರು ಸೇರಿ ರೂಪಿಸಲು ಶುರುಮಾಡಿದ ಮಾನದಂಡಗಳನ್ನೇ ಇಂದಿಗೂ ಪರಿಷ್ಕರಿಸುತ್ತಾ ಬಳಸಲಾಗುತ್ತಿದೆ. ಆದರೆ ಬಯಾಪ್ಸಿಗೂ ಮಿತಿಗಳಿವೆ. ಕೆಲವರಿಗೆ ರಕ್ತಸ್ರಾವ ಆಗಬಹುದು. ತೆಗೆದ ಚೂರಿನಲ್ಲಿ ಹಾನಿಯಾದ ಭಾಗವೇ ಸಿಗದಿರಬಹುದು.

ಯಾವ ಸ್ಕ್ಯಾನ್ ಏನು ಹೇಳುತ್ತದೆ?

ಕಸಿ ಕಿಡ್ನಿಯನ್ನು ಸಾಮಾನ್ಯವಾಗಿ ಕೆಳಹೊಟ್ಟೆಯ ಒಂದು ಬದಿಯಲ್ಲಿ, ಚರ್ಮಕ್ಕೆ ಹತ್ತಿರ ಕೂರಿಸುತ್ತಾರೆ. ಹಾಗಾಗಿ ಅಲ್ಟ್ರಾಸೌಂಡ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಡಾಪ್ಲರ್‌ನಿಂದ ರಕ್ತದ ಹರಿವನ್ನೂ ನೋಡಬಹುದು. ಮೂತ್ರದ ತಡೆ, ರಕ್ತನಾಳದ ತೊಂದರೆ ಪತ್ತೆಗೆ ಇದು ಬಹಳ ಉಪಯುಕ್ತ. ಆದರೆ ರಿಜೆಕ್ಷನ್ ಇದ್ದರೂ ವರದಿ ‘ನಾರ್ಮಲ್’ ಬರಬಹುದು.

ಪೆಟ್ ಸ್ಕ್ಯಾನ್‌ನಲ್ಲಿ ವಿಕಿರಣ ಸೂಸುವ ಸಕ್ಕರೆಯಂಥ ವಸ್ತುವನ್ನು ರಕ್ತಕ್ಕೆ ಕೊಡುತ್ತಾರೆ. ದಾಳಿಗಿಳಿದ ಬಿಳಿ ರಕ್ತಕಣಗಳು ಅದನ್ನು ಹೆಚ್ಚು ಹೀರಿಕೊಳ್ಳುತ್ತವೆ. ಬೆಲ್ಜಿಯಂನ ಲಿಯೇಜ್‌ನ ವೈದ್ಯರು ಇದನ್ನು ಕಸಿಯಾದ ರೋಗಿಗಳಲ್ಲಿ ಪರೀಕ್ಷಿಸಿದ್ದಾರೆ. ತೊಡಕು ಏನೆಂದರೆ, ಸೋಂಕು ಇದ್ದರೂ ಕಿಡ್ನಿ ಹೊಳೆಯುತ್ತದೆ. ಮೇಲಾಗಿ ಆ ವಸ್ತು ಹೊರಹೋಗುವುದೇ ಮೂತ್ರದ ಮೂಲಕ.

ಎಂಆರ್‌ಐ ಬಳಸಿ ಕಿಡ್ನಿಯೊಳಗಿನ ನೀರಿನ ಚಲನೆ, ಆಮ್ಲಜನಕ, ರಕ್ತದ ಹರಿವು ಅಳೆಯುವ ಸಂಶೋಧನೆಯೂ ನಡೆದಿದೆ. ಜರ್ಮನಿಯ ಮ್ಯೂನ್ಸ್ಟರ್‌ನ ಸಂಶೋಧಕರು ದಾಳಿಕೋರ ಕಣಗಳಿಗೇ ಅಂಟಿಕೊಳ್ಳುವ ಸೂಕ್ಷ್ಮ ಗುಳ್ಳೆಗಳನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡುವ ವಿಧಾನವನ್ನು ಇಲಿಗಳಲ್ಲಿ ಪ್ರಯತ್ನಿಸಿದ್ದಾರೆ. ಇಲಿಯಲ್ಲಿ ಫಲಿಸಿದ್ದು ಮನುಷ್ಯರಲ್ಲೂ ಫಲಿಸಿತು ಎಂದಲ್ಲ.

ಹಾಗಾದರೆ ನಿಜವೇನು?

ಸ್ಕ್ಯಾನ್‌ಗಳು ಬಯಾಪ್ಸಿ ಯಾರಿಗೆ, ಯಾವಾಗ ಬೇಕು ಎಂದು ನಿರ್ಧರಿಸಲು ನೆರವಾಗುತ್ತವೆ. ಮುಂದೆ ಅನಗತ್ಯ ಬಯಾಪ್ಸಿಗಳು ಕಡಿಮೆಯಾಗಬಹುದು. ಆದರೆ ರಿಜೆಕ್ಷನ್ ಆಗಿದೆಯೇ, ಯಾವ ಬಗೆಯದು ಎಂದು ಖಚಿತಪಡಿಸಲು ಇಂದಿಗೂ ಬಯಾಪ್ಸಿಯೇ ಆಧಾರ. “ಬಯಾಪ್ಸಿ ಬೇಡವೇ ಬೇಡ” ಎಂಬುದು ಅರ್ಧಸತ್ಯ.

ನಿಮ್ಮ ಮನೆಯಲ್ಲಿ ಕಸಿಯಾದವರಿದ್ದರೆ ಸ್ಕ್ಯಾನ್ ಸರಿಯಿದೆ ಎಂದು ಮಾತ್ರೆ ನಿಲ್ಲಿಸಲು ಬಿಡಬೇಡಿ. ಇಮ್ಯುನಿಟಿ ಹೆಚ್ಚಿಸುವ ಕಷಾಯ, ಪುಡಿಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಬಯಾಪ್ಸಿ ಎಂದರೆ ಭಯವಾದರೆ, “ಯಾಕೆ ಬೇಕು, ಬೇರೆ ದಾರಿ ಇದೆಯೇ?” ಎಂದು ಕಿಡ್ನಿ ತಜ್ಞರನ್ನೇ ಕೇಳಿ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರು, ಫಾರ್ವರ್ಡ್ ಮಾಡಿದವರಲ್ಲ.