ಬೆಳ್ಳಿತೆರೆ: ತಡೆದು ನಿಲ್ಲಿಸಿದ ರೈಲು

ಮೇಲವಂಕಿಯ ಕಡೆಯವರಿಗೆ ರೈಲು ಎಂದರೆ ಘಟಪ್ರಭಾ ಇಲ್ಲವೇ ಗೋಕಾಕ ರೋಡ್ ನಿಲ್ದಾಣ. ಮೀರಜದಿಂದ ಬೆಳಗಾವಿಗೆ ಹೋಗುವ ಈ ಹಾದಿಯಲ್ಲಿ ಗಾಡಿ ಒಂದು ತಾಸು ತಡವಾದರೆ ಪ್ರಯಾಣಿಕರು ಗೊಣಗುವುದು ಸಹಜ. ಆದರೆ ಗಾಡಿಯನ್ನು ತಡೆಯುವುದೇ ದೇಶಸೇವೆಯಾಗಿದ್ದ ಕಾಲವೂ ಒಂದಿತ್ತು. ನಾಜಿಗಳ ಹಿಡಿತದಲ್ಲಿದ್ದ ಫ್ರಾನ್ಸಿನಲ್ಲಿಯೂ, 1942ರ ಚಳವಳಿಯ ಕರ್ನಾಟಕದಲ್ಲಿಯೂ.

1964ರಲ್ಲಿ ತೆರೆಗೆ ಬಂದ ‘ದಿ ಟ್ರೇನ್’ ಚಿತ್ರದ ವಸ್ತು ಇದೇ. ನಿರ್ದೇಶಕ ಜಾನ್ ಫ್ರಾಂಕೆನ್‌ಹೈಮರ್. ನಾಯಕ ಬರ್ಟ್ ಲ್ಯಾಂಕಾಸ್ಟರ್. ಕಾಲ 1944ರ ಆಗಸ್ಟ್. ಮಿತ್ರಸೈನ್ಯ ಪ್ಯಾರಿಸಿನ ಬಾಗಿಲಿಗೆ ಬಂದಿದೆ. ಜರ್ಮನ್ ಕರ್ನಲ್ ವಾನ್ ವಾಲ್ಡ್‌ಹೈಮ್ ಫ್ರಾನ್ಸಿನ ಅಮೂಲ್ಯ ವರ್ಣಚಿತ್ರಗಳನ್ನೆಲ್ಲ ಪೆಟ್ಟಿಗೆಗಳಲ್ಲಿ ತುಂಬಿ ಜರ್ಮನಿಗೆ ಸಾಗಿಸಲು ಹವಣಿಸುತ್ತಾನೆ. ರೈಲ್ವೆ ಅಧಿಕಾರಿ ಲಬೀಷನಿಗೆ ಈ ಚಿತ್ರಗಳ ಗೊಡವೆಯೇ ಬೇಡ. ಬಣ್ಣ ಬಳಿದ ಬಟ್ಟೆಗಾಗಿ ಮನುಷ್ಯರು ಸಾಯಬೇಕೆ ಎಂಬುದು ಅವನ ಪ್ರಶ್ನೆ. ಅವನ ಮನಸ್ಸನ್ನು ತಿರುಗಿಸಿದವನು ಮುದುಕ ಎಂಜಿನ್ ಡ್ರೈವರ್ ಬೂಲ್. ಎಂಜಿನ್ನಿಗೆ ಎಣ್ಣೆ ಹರಿಯುವಲ್ಲಿ ನಾಣ್ಯಗಳನ್ನಿಟ್ಟು ಅದನ್ನು ಕೆಡಿಸಿದ ಈ ಮುದುಕ ಗುಂಡಿಗೆ ಬಲಿಯಾಗುತ್ತಾನೆ. ಮಿಷೆಲ್ ಸಿಮೋನ್ ಈ ಪಾತ್ರದಲ್ಲಿ ತೋರಿದ ಮೊಂಡುತನ ಮರೆಯಲಾಗದ್ದು.

ಅನಂತರ ಆಟ ರಂಗೇರುತ್ತದೆ. ಫ್ರೆಂಚ್ ನಿಲ್ದಾಣಗಳಿಗೆ ಜರ್ಮನ್ ಊರುಗಳ ಹೆಸರಿನ ಫಲಕ ತೂಗುಹಾಕಿ, ಗಾಡಿ ಜರ್ಮನಿಯನ್ನು ಸೇರಿತೆಂದು ಸೈನಿಕರನ್ನು ನಂಬಿಸಿ, ಅದನ್ನು ಸುತ್ತಿಸಿ ಫ್ರಾನ್ಸಿನೊಳಕ್ಕೇ ತರುವ ಭಾಗ ಉಸಿರು ಬಿಗಿಹಿಡಿಸುತ್ತದೆ. ಎಂಜಿನ್ನುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ದೃಶ್ಯದಲ್ಲಿ ಆಟಿಕೆಯ ರೈಲುಗಳಿಲ್ಲ. ನಿಜವಾದ ಎಂಜಿನ್ನುಗಳನ್ನೇ ಬಳಸಿದ್ದಾರೆ. ಕಪ್ಪು-ಬಿಳುಪಿನಲ್ಲಿ ಮಸಿ, ಉಗಿ, ಜಿಡ್ಡು ಎಲ್ಲವೂ ಕೈಗಂಟುವಂತಿದೆ. ಕೊರತೆಯಿಲ್ಲವೆಂದಲ್ಲ. ಲ್ಯಾಂಕಾಸ್ಟರನ ಮಾತು ಫ್ರೆಂಚರ ನಡುವೆ ಅಮೆರಿಕದ್ದಾಗಿಯೇ ಉಳಿದಿದೆ. ಜೀನ್ ಮೊರೊಳಂತಹ ನಟಿಗೆ ಕೆಲವೇ ನಿಮಿಷಗಳ ಪಾತ್ರ ದೊರೆತಿದೆ.

ನಡೆದ ಸಂಗತಿ ಇದಕ್ಕಿಂತ ಬಹಳ ಸಪ್ಪೆ, ಆದರೆ ಹೆಚ್ಚು ಸ್ವಾರಸ್ಯದ್ದು. ಕೊಳ್ಳೆಯ ಚಿತ್ರಗಳನ್ನು ಕೂಡಿಟ್ಟಿದ್ದ ಪ್ಯಾರಿಸಿನ ವಸ್ತುಸಂಗ್ರಹಾಲಯದಲ್ಲಿ ರೋಸ್ ವಾಲಾಂ ಎಂಬ ಮಹಿಳೆ ಕೆಲಸಕ್ಕಿದ್ದಳು. ಯಾವ ಚಿತ್ರ ಎಲ್ಲಿಗೆ ಹೋಯಿತೆಂಬುದನ್ನು ಗುಟ್ಟಾಗಿ ಬರೆದಿಡುತ್ತಿದ್ದವಳು ಆಕೆಯೇ. ರೈಲಿನ ಸುದ್ದಿ ಮುಟ್ಟಿಸಿದವಳೂ ಆಕೆಯೇ. ರೈಲ್ವೆಯವರು ಒಂದಿಲ್ಲೊಂದು ನೆವದಿಂದ ಗಾಡಿಯನ್ನು ತಡೆದು ತಡೆದು ಪ್ಯಾರಿಸಿನ ಸುತ್ತಮುತ್ತಲೇ ಉಳಿಸಿದರು. ಡಿಕ್ಕಿಯಿಲ್ಲ, ಸ್ಫೋಟವಿಲ್ಲ. ಆಗಸ್ಟ್ 27ರಂದು ಸ್ವತಂತ್ರ ಫ್ರಾನ್ಸಿನ ಸೈನಿಕರು ಅದನ್ನು ವಶಪಡಿಸಿಕೊಂಡರು. ಅವರ ಮುಂದಾಳು ಲೆಫ್ಟಿನೆಂಟ್ ಅಲೆಕ್ಸಾಂಡರ್ ರೋಸೆನ್‌ಬರ್ಗ್ ಪೆಟ್ಟಿಗೆ ತೆರೆಸಿದಾಗ ಕಂಡದ್ದು, ತನ್ನ ತಂದೆಯಿಂದ ನಾಜಿಗಳು ದೋಚಿದ್ದ ಚಿತ್ರಗಳನ್ನೇ!

ಚಿತ್ರದ ಕೊನೆ ಮಾತ್ರ ಕಠೋರ. ಹಳಿ ತಪ್ಪಿದ ಗಾಡಿಯ ಬದಿಯಲ್ಲಿ ರೇನ್ವಾರ್ ಮುಂತಾದವರ ಹೆಸರು ಹೊತ್ತ ಪೆಟ್ಟಿಗೆಗಳು. ಅವುಗಳ ಪಕ್ಕದಲ್ಲೇ ಗುಂಡೇಟಿಗೆ ಬಿದ್ದ ಒತ್ತೆಯಾಳುಗಳ ಹೆಣಗಳು. ಲಬೀಷನ ಮೊದಲಿನ ಪ್ರಶ್ನೆಗೆ ನಿರ್ದೇಶಕ ಉತ್ತರ ಕೊಡುವುದಿಲ್ಲ.

ಇಲ್ಲಿ ಕನ್ನಡ ಪ್ರೇಕ್ಷಕನಿಗೆ ಹೊಸರಿತ್ತಿ ನೆನಪಾಗದಿರದು. ಬ್ರಿಟಿಷರ ಆಡಳಿತ ನಾಜಿಗಳದ್ದಲ್ಲ ನಿಜ; ಆದರೂ 1942ರಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳ ಭೂಗತ ತಂಡಗಳು ತಂತಿ ಕತ್ತರಿಸಿದ್ದು, ಚಾವಡಿಯ ದಫ್ತರ ಸುಟ್ಟದ್ದು ಇದೇ ಬಗೆಯ ಕೆಲಸ. ಆ ತಂಡಗಳ ನಾಯಕರಲ್ಲಿ ಒಬ್ಬರು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. 1930ರಲ್ಲಿ, 18ರ ಹರೆಯದಲ್ಲಿ, ಗಾಂಧೀಜಿಯವರೊಡನೆ ದಾಂಡಿಗೆ ನಡೆದ ಕನ್ನಡಿಗರು ಅವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ಗುಡಿಯಲ್ಲಿರಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹಾದೇವಪ್ಪನವರಿಗೆ ಇನ್ನೂ 32 ತುಂಬಿರಲಿಲ್ಲ. ಆ ಗುಡಿಯಲ್ಲಿದ್ದುದು ರೇನ್ವಾರನ ಚಿತ್ರವಲ್ಲ, ರೈತನ ರೊಕ್ಕ. ಅದರ ಬೆಲೆ ಏನೆಂದು ಆ ಮೂವರಿಗೆ ಯಾರೂ ತಿಳಿಹೇಳಬೇಕಾಗಿರಲಿಲ್ಲ.

‘ದಿ ಟ್ರೇನ್’ ಎರಡು ತಾಸಿಗೂ ಮಿಗಿಲಾದ ಚಿತ್ರ. ಕೊನೆಯ ದೃಶ್ಯ ಎಳೆಯ ಮಕ್ಕಳಿಗೆ ತಕ್ಕುದಲ್ಲ. ಹೈಸ್ಕೂಲು ಮೆಟ್ಟಿಲೇರಿದವರು ಮನೆಯ ಹಿರಿಯರೊಡನೆ ಕುಳಿತು ನೋಡಲಿ. ಹೊಸರಿತ್ತಿಯ ಕಥೆಯನ್ನೂ ಆಗಲೇ ಕೇಳಲಿ.